ಸಾಹೇಬರ ನೆತ್ತಿಯ ಮೇಲೆ

"ಬಲೆ ಬೇಕಂತೆ ಬಲೆ! ಮೀನು ಹಿಡಿಯೋಕೆ ಬಂದಿದ್ದೀಯೇನೇ, ಬೇವರ್ಸಿ?"

ಸರ್ಕಸ್ಸಿನ ಯಜಮಾನ ಎಲೆಯಡಿಕೆ ಉಗುಳಿ ಕೂಗಿದ. ನಾನು ತಂತಿ ಬಿಗಿಯುತ್ತಿದ್ದೆ. ತಂತಿಯ ಮೇಲೆ ನಡೆಯುವವರೇ ಅದನ್ನು ಬಿಗಿಯಬೇಕು, ಇನ್ನೊಬ್ಬರ ಕೈಗೆ ಕೊಡಬಾರದು ಎಂಬುದು ನಮ್ಮಲ್ಲಿ ಅಪ್ಪನ ಕಾಲದ ಕಟ್ಟಳೆ. ಬಿದ್ದರೆ ಹಿಡಿಯುವ ಬಲೆ ಮಾತ್ರ ಯಜಮಾನನ ಕೈಯಲ್ಲಿ. ಪರವಾನಗಿ ಕೊಡುವ ಸಾಹೇಬರು ಸಂಸಾರ ಸಮೇತ ಬರುತ್ತಾರೆಂದು ಅದನ್ನು ಬಿಚ್ಚಿಸಿ, ತಂತಿಯ ಕೆಳಗೇ ಸೋಫಾ ಹಾಕಿಸಿದ್ದ.

"ಹೋದ ವಾರ ಅಕ್ಕ ಬಿದ್ದಾಗ್ಲೂ ನೀವು ಬಲೆ ಬಿಚ್ಚಿಸಿದ್ರಿ, ಯಜಮಾನ್ರೇ."

"ನಿಮ್ಮಕ್ಕ ಕುಡಿದು ಬಿದ್ಲು."

ಅಕ್ಕ ಹುಟ್ಟಿದಾಗಿನಿಂದ ಕುಡಿದವಳಲ್ಲ. ನಡುವೆ ಬೇಕೆಂದೇ ಕಾಲು ಜಾರಿಸಿ ಜನರನ್ನು ಹೆದರಿಸುವುದು ನಮ್ಮ ಕಸುಬಿನ ಒಂದು ವರಸೆ. ಆಗ ಡೋಲಿನವನು ಜೋರಾಗಿ ಬಾರಿಸಬೇಕು. ಅವತ್ತು ಅಕ್ಕ ನಿಜಕ್ಕೂ ಜಾರಿದಳು. ಅವನು ವರಸೆಯೆಂದೇ ಬಾರಿಸಿದ. ಅವಳು ನೆಲಕ್ಕೆ ಬಿದ್ದ ಮೇಲೂ ಜನ ಚಪ್ಪಾಳೆ ತಟ್ಟುತ್ತಿದ್ದರು, ಹಾಳಾದವರು! ಈಗ ಡೇರೆಯ ಹಿಂದೆ ಅವಳಿಗೆ ಮಲಗಿದಲ್ಲೇ ಎಲ್ಲ. ಬಟ್ಟೆ ಬದಲಿಸುವವಳು ನಾನು.

"ಇವತ್ತು ಸಾಹೇಬ್ರ ನೆತ್ತಿ ಮೇಲೇ ಜಾರ್ಬೇಕು, ತಿಳೀತಾ? ಅವರ ಹೆಂಡ್ತಿ ಕಿರುಚ್ಬೇಕು. ಆಗಲ್ಲ ಅಂದ್ರೆ ನಿಮ್ಮಕ್ಕನ್ನ ಹೊತ್ಕೊಂಡು ಹಾಳಾಗಿ ಹೋಗು."

ಆಟ ಶುರುವಾಯಿತು. ಹತ್ತಿದೆ. ಕೈಯಲ್ಲಿ ಉದ್ದನೆಯ ಕೋಲು. ತಂತಿಯ ಮೇಲೆ ನಮ್ಮನ್ನು ಬೀಳದಂತೆ ಹಿಡಿಯುವುದು ಅದರ ತೂಕವೇ. ಕೆಳಗೆ ಸಾಹೇಬರ ಬೋಳುತಲೆ ಮಿರಿಮಿರಿ ಮಿಂಚುತ್ತಿತ್ತು. ಸರಿಯಾಗಿ ಅದರ ಮೇಲಕ್ಕೆ ಬಂದೆ. ಜಾರಲಿಲ್ಲ. ತಂತಿಯ ಮೇಲೆ ಕುಳಿತುಬಿಟ್ಟೆ.

ಡೋಲು ತಡವರಿಸಿ ನಿಂತಿತು.

"ಏಯ್, ನಡಿಯೇ!" ಯಜಮಾನ ಹಲ್ಲು ಕಡಿದ.

"ಬಲೆ ಕಟ್ಸು. ಕಟ್ಟೋವರ್ಗೂ ನಾನಿಲ್ಲೇ."

ಸಾಹೇಬರು ತಲೆಯೆತ್ತಿದರು. "ಏನ್ರೀ, ಇದೂ ಆಟಾನಾ?"

"ಹೂಂ ಸಾರ್, ಆಟಾನೇ..." ಯಜಮಾನ ಹಲ್ಲು ಕಿರಿದ.

"ಆಟ ಅಲ್ಲ ಸಾಹೇಬ್ರೇ. ನಮ್ಮಕ್ಕ ಇಲ್ಲಿಂದ್ಲೇ ಬಿದ್ದಿದ್ದು. ಮಾರನೇ ದಿನ ವಿಚಾರಣೆಗೆ ಬಂದು, ಕುಡಿದು ಬಿದ್ಲು ಅಂತ ಇವ್ನು ಅಂದಾಗ, ಹೂಂ ಅಂತ ತಲೆ ಆಡಿಸ್ದೋರು ನೀವೇ."

ಅವರ ಹೆಂಡತಿ ಮಕ್ಕಳನ್ನು ಎಳೆದುಕೊಂಡು ಓಡಿದಳು. ಸಾಹೇಬರೂ ಏಳಲು ನೋಡಿದರು.

"ಕೂತ್ಕೊಳ್ಳಿ. ಮುಂದಿನ ಸಾಲಿಂದ ನೋಡ್ಬೇಕು ಅಂತ ತಾನೇ ಬಂದಿದ್ದು?"

ಕೋಲನ್ನು ಕೈಬಿಟ್ಟೆ. ಅದು ಸೋಫಾದ ಪಕ್ಕದ ನೆಲಕ್ಕೆ ಬಡಿಯಿತು. ಸಾಹೇಬರು ಮತ್ತೆ ಸೋಫಾದಲ್ಲೇ ಕುಸಿದು ಕುಳಿತರು. ಡೇರೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ತಂತಿ ನನ್ನ ಅಡಿಯಲ್ಲಿ ನಡುಗುತ್ತಿತ್ತು. ಖಾಲಿ ಕೈಗಳನ್ನು ಚಾಚಿ, ನಾನು ಮೆಲ್ಲಗೆ ಎದ್ದು ನಿಂತೆ.