ಇಪ್ಪತ್ತೊಂಬತ್ತು ಇಂಚು

ಚಕ್ರ ಆರಿಸಿದ್ದು ನಾನೇ, ತಪ್ಪೂ ನನ್ನದೇ. ತಿಪಟೂರಿನ ಸೈಕಲ್ ಅಂಗಡಿಯವನು "ಇಪ್ಪತ್ತೇಳೂವರೆ ಇಂಚಿಂದು ಕೊಡ್ಲಾ ಅಕ್ಕ, ಇಪ್ಪತ್ತೊಂಬತ್ತರದಾ?" ಎಂದಾಗ "ದೊಡ್ಡದೇ ಕೊಡಪ್ಪ" ಅಂತ ಬಾಯಿಗೆ ಬಂತು. ಹನ್ನೊಂದು ವರ್ಷದಿಂದ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದೇನೆ. ರಾಶಿಯ ಮುಂದೆ ಕೂತರೆ ಕೈ ಮೊದಲು ದೊಡ್ಡ ಕಾಯಿಗೇ ಹೋಗುತ್ತದೆ. ಇಲ್ಲೂ ಹಾಗೇ ಹೋಯಿತು. ಮಗಳು ಆಶಾ ಪರೀಕ್ಷೆ ಬರೆಯುತ್ತಿದ್ದಳು. ಅವಳನ್ನು ಕೇಳಲಿಲ್ಲ.

ಗುಡ್ಡಗಾಡು ಸೈಕಲ್ ಓಟದ ಜಿಲ್ಲಾ ತಂಡಕ್ಕೆ ಮೂರು ವಾರದಲ್ಲಿ ಆಯ್ಕೆ ಇತ್ತು. ಜಾಗ ದಬ್ಬೇಘಟ್ಟದ ಬೋರಯ್ಯನವರ ತೆಂಗಿನ ತೋಟ. ನಮ್ಮ ಕಡೆಯಿಂದ ಇಬ್ಬರು ಹುಡುಗಿಯರನ್ನಷ್ಟೇ ತೆಗೆದುಕೊಳ್ಳುತ್ತಾರೆ. ಎರಡು ವರ್ಷದಿಂದ ಆಶಾಳದು ಅದೊಂದೇ ಮಾತು.

ಸೈಕಲ್ ತಂದು ನಿಲ್ಲಿಸಿದಾಗ ಟೈರಿನ ಮೇಲಿನ ಅಂಕಿಯನ್ನು ಎರಡು ಸಲ ಓದಿದಳು.

"ಯಾಕೆ, ಚೆನ್ನಾಗಿಲ್ವೇನೇ?"

"ಚೆನ್ನಾಗೈತೆ ಕಣವ್ವ. ಮರದ ಸಂದೀಲಿ ತಿರುಗಲ್ಲ, ಅಷ್ಟೆ."

ಒಂದು ಸುತ್ತು ತುಳಿದಾಗಿತ್ತು, ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ.

ಅವಳು ಹೇಳಿದ್ದು ನಿಜ. ಹಳೆಯ ಸಣ್ಣ ಸೈಕಲ್ಲಿನಲ್ಲಿ ಹ್ಯಾಂಡಲ್ ಎಳೆದರೆ ಸಾಕು, ಮರ ಬಳಸಿ ಬರುತ್ತಿದ್ದಳು. ಇದು ತಡವಾಗಿ ತಿರುಗಿ ನೇರ ಮರದ ಬುಡದ ಪಾತಿಯೊಳಗೆ ಇಳಿಯುತ್ತಿತ್ತು. ಕಲ್ಲು, ಸುಲಿದ ಕಾಯಿಮಟ್ಟೆ ಸಿಕ್ಕರೆ ಮಾತ್ರ ಏನೂ ಇಲ್ಲವೆಂಬಂತೆ ಹತ್ತಿ ಇಳಿಯುತ್ತಿತ್ತು. ಅವಳ ಗೆಳತಿ ಶಿಲ್ಪಳದು ಇಪ್ಪತ್ತೇಳೂವರೆ. ಕರುವಿನ ಹಾಗೆ ಜಿಗಿಯುತ್ತಿದ್ದಳು.

"ಲೇ ಆಶಾ, ಗಾಡಿ ಜೊತೆ ಎತ್ತು ಕೊಡ್ಲಿಲ್ವೇನೇ?"

"ಒಂದ್ ಎತ್ತು ಇಲ್ಲೇ ನಿಂತೈತಲ್ಲ, ನೊಗ ಹಾಕ್ತೀನಿ ಬಾ," ಎಂದಳು ಆಶಾ. ಆದರೆ ಮನೆಗೆ ಬಂದು ಊಟ ಬಿಟ್ಟಳು.

ಒಂದು ವಾರ ನಮ್ಮ ಹಿತ್ತಲಿನ ನಲವತ್ತು ಮರದ ನಡುವೆ ಬಿದ್ದಳು, ಎದ್ದಳು. ಕಟ್ಟೆಯ ಮೇಲೆ ಕೂತು ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದ ನಮ್ಮ ಅತ್ತೆ ಚಿಕ್ಕಗಂಗಮ್ಮನಿಗೆ ನೋಡಿ ನೋಡಿ ಸಾಕಾಯಿತು.

"ಕಾಯಿ ಕುಕ್ಕೆ ಹೊತ್ತೋಳು ಹಿಂಗೆ ಗಕ್ಕಂತ ತಿರುಗಿದ್ರೆ ಕಾಯೆಲ್ಲಾ ನೆಲಕ್ಕೆ ಕಣೇ. ಎಲ್ಗೆ ಹೋಗ್ಬೇಕೋ ದೂರದಿಂದ್ಲೇ ನೋಡ್ಕ. ಸೊಂಟ ತಿರುಗ್ಸು. ಕುಕ್ಕೆ ತಾನೇ ಬತ್ತೈತೆ."

"ಇದು ಸೈಕಲ್ ಕಣಜ್ಜಿ."

"ಆಯ್ತು ಬುಡು, ಬೀಳ್ತಾನೇ ಇರು."

ಮಾರನೆಯ ದಿನ ನಾನು ಕೆಲಸದಿಂದ ಬಂದಾಗ ಆಶಾ ತಲೆಯ ಮೇಲೆ ಹತ್ತು ಕಾಯಿಯ ಕುಕ್ಕೆ ಇಟ್ಟುಕೊಂಡು ಮರ ಸುತ್ತುತ್ತಿದ್ದಳು. ಅಜ್ಜಿ ಕಡ್ಡಿ ಹಿಡಿದು ಹಿಂದೆ ಹಿಂದೆ. ನಾಲ್ಕು ಕಾಯಿ ಬಿದ್ದ ಮೇಲೆ ಸೈಕಲ್ ಹತ್ತಿದಳು. ಈ ಸಲ ಎರಡು ಮರ ಮೊದಲೇ ಹೊರಗಡೆಗೆ ಸರಿದು, ಮೈ ವಾಲಿಸಿ, ಅಗಲವಾಗಿ ಬಳಸಿ ಬಂದಳು. ಪಾತಿಗೆ ಇಳಿಯಲಿಲ್ಲ.

"ಸಣ್ ಚಕ್ರ ಕೈಯಲ್ಲಿ ತಿರುಗ್ತಿತ್ತು ಕಣವ್ವ. ಇದು ಮೈಯಲ್ಲಿ ತಿರುಗ್ತೈತೆ."

ಆಯ್ಕೆಯ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಏಳು ಹುಡುಗಿಯರು. ಮರಗಳ ನಡುವೆ ಶಿಲ್ಪ ಎಲ್ಲರಿಗಿಂತ ಮುಂದೆ, ಅವಳ ಹಿಂದೆ ಶೆಟ್ಟಿಕೆರೆಯ ಹುಡುಗಿ. ಆಶಾ ಮೂರನೆಯವಳು. ಎಷ್ಟು ಚೆನ್ನಾಗಿ ಬಳಸಿದರೂ ಪ್ರತಿ ಮರಕ್ಕೂ ಒಂದಿಷ್ಟು ಹಿಂದೆ ಬೀಳುತ್ತಿದ್ದಳು. ನನ್ನ ಕೈಯನ್ನೇ ಬೈದುಕೊಳ್ಳುತ್ತ ನಿಂತಿದ್ದೆ.

ಕೊನೆಗೆ ಮಟ್ಟೆಯ ಸಾಲು. ತೇವ ನಿಲ್ಲಲೆಂದು ಬೋರಯ್ಯನವರು ಕಾಲುವೆ ತೋಡಿ ಕಾಯಿಮಟ್ಟೆ ತುಂಬಿಸಿದ್ದರು, ಅವು ಇನ್ನೂ ಒತ್ತಿ ಕೂತಿರಲಿಲ್ಲ. ಶಿಲ್ಪ ಕುಪ್ಪಳಿಸಿಕೊಂಡು ಹೇಗೋ ದಾಟಿದಳು. ಶೆಟ್ಟಿಕೆರೆಯವಳ ಮುಂದಿನ ಚಕ್ರ ಎರಡು ಮಟ್ಟೆಯ ನಡುವೆ ಸಿಕ್ಕಿಕೊಂಡಿತು, ಕಾಲೂರಿದಳು. ಆಶಾ ನಿಧಾನ ಮಾಡದೆ ಮೇಲೆಯೇ ಉರುಳಿಸಿಕೊಂಡು ಹೋದಳು.

ಎರಡನೆಯವಳಾಗಿ ಬಂದಳು.

ಬಸ್ಸಿಗೆ ಕಾಯುವಾಗ ನೀರು ಕುಡಿದು ಹೇಳಿದಳು: "ಅವ್ವ, ಅವತ್ತು ಅಂಗಡೀಲಿ ನನ್ ಕೇಳಿದ್ರೆ ಇಪ್ಪತ್ತೇಳೂವರೆ ಅಂತಿದ್ದೆ."

"ಅದ್ರಲ್ಲಿ ಆಗಿದ್ರೆ ಮಟ್ಟೇಲಿ ಸಿಕ್ಕಾಕ್ಕಂತಿದ್ದೆ."

"ಮರದ ಹತ್ರಾನೇ ಮುಂದೆ ಹೋಗಿರ್ತಿದ್ದೆ. ಮುಂದಿನ್ ಸಲ ಕೇಳವ್ವ."

"ಆಯ್ತು ಕಣೇ, ಕೇಳ್ತೀನಿ," ಎಂದೆ.