ಕತ್ತರಿ ಸದ್ದಿಗೆ ಬಾರದ ಗುಂಡ

ಕಾಡಿನ ಗೇಟಿನಲ್ಲಿ ಹೊಸ ಬೋರ್ಡ್ ನೆಟ್ಟ ದಿನದಿಂದ ಕಟಿಂಗ್ ಅಂಗಡಿಯವನಿಗೆ ಮೈಯೆಲ್ಲ ಉರಿ. ‘ನಾಯಿಗೆ ಹಗ್ಗ ಕಡ್ಡಾಯ. ಇನ್ನೊಂದು ದೂರು ಬಂದರೆ ಯಾವ ನಾಯಿಗೂ ಪ್ರವೇಶವಿಲ್ಲ.’

“ಕಾಡೇನು ಇವರಪ್ಪಂದಾ?” ಎಂದು ಗಿರಾಕಿಯ ಕೆನ್ನೆಗೆ ನೊರೆ ಬಳಿಯುತ್ತಾ ಗುಡುಗಿದ. “ನನ್ನ ಗುಂಡ ಕತ್ತರಿ ಸದ್ದಿಗೇ ಓಡಿ ಬರ್ತಾನೆ. ಅವನಿಗ್ಯಾಕೆ ಹಗ್ಗ?”

ಮಾತೇನೋ ನಿಜ. ಸಂಜೆ ಬರಿಗತ್ತರಿಯನ್ನು ‘ಕಚಕ್ ಕಚಕ್’ ಅನ್ನಿಸಿದರೆ ಸಾಕು, ಬೀದಿಯ ಯಾವ ಮೂಲೆಯಲ್ಲಿದ್ದರೂ ಗುಂಡ ಬಿಸ್ಕತ್ತಿಗಾಗಿ ಕುರ್ಚಿಯ ಕೆಳಗೆ ಹಾಜರು.

“ಅದು ಅಂಗಡಿ ಅಣ್ಣಾ,” ಎಂದಳು ಕಾಡಿನ ಗೇಟು ಕಾಯುವ ತಂಗಿ. “ಅಲ್ಲಿಗೆ ಜಿಂಕೆ ಕಟಿಂಗ್‌ಗೆ ಬರಲ್ಲ. ಈಗ ಮರಿ ಹಾಕೋ ಕಾಲ. ನಾಯಿ ಕಚ್ಚಲೇಬೇಕು ಅಂತಿಲ್ಲ, ಅಟ್ಟಿದ್ರೆ ಸಾಕು, ತಾಯಿ ಒಂದ್ಕಡೆ, ಮರಿ ಒಂದ್ಕಡೆ.”

“ಬೋರ್ಡ್ ನುಂಗಿದವಳ ಹಾಗೆ ಮಾತಾಡ್ಬೇಡ ಹೋಗೇ!”

ರಜೆಯ ದಿನ ಗೇಟಿನಲ್ಲಿ ತಂಗಿ ತಡೆದಳು. “ಲಸಿಕೆ ಆಗಿದ್ಯಾ? ಹೇಲು ಎತ್ತೋಕೆ ಚೀಲ? ಹಳ್ಳದ ನೀರಿಗೆ ಇಳಿಸ್ಬೇಡ, ಕುಡಿಯೋಕೆ ನೀರು ನೀನೇ ಒಯ್ಯಿ.”

“ಎಲ್ಲಾ ಇದೆ ತಾಯಿ!” ಎಂದವನು ಮೊದಲ ತಿರುವು ದಾಟಿದ ಕೂಡಲೇ, ಹಟಕ್ಕೆಂದೇ, ಹಗ್ಗ ಬಿಚ್ಚಿದ.

ಹುಲ್ಲಿನಲ್ಲಿ ಏನೋ ಅಲುಗಿತು. ಗುಂಡ ಬಾಣದಂತೆ ನುಗ್ಗಿದ. ಅವನು ಜೇಬಿನಿಂದ ಕತ್ತರಿ ತೆಗೆದ. ಕಚಕ್ ಕಚಕ್! ಗುಂಡ ತಿರುಗಿಯೂ ನೋಡಲಿಲ್ಲ. ಬೆರಳು ನೋಯುವವರೆಗೆ ಕತ್ತರಿ ಆಡಿಸಿದ. ಕೂಗಿದ. ಬೈದ. ಕೊನೆಗೆ ಬೊಗಳು ಕೇಳಿ ಓಡಿದರೆ, ಪೊದೆಯಡಿ ಜಿಂಕೆಮರಿಯೊಂದು ನಡುಗುತ್ತಾ ಮುದುಡಿತ್ತು. ಎದುರಿಗೆ ಗುಂಡ, ಮುಳ್ಳಿಗೆ ಕಿವಿ ಹರಿದುಕೊಂಡು. ಎಲ್ಲೋ ದೂರದಲ್ಲಿ ತಾಯಿ ಒಂದೇ ಸಮನೆ ಕೂಗುತ್ತಿತ್ತು.

ಗದ್ದಲ ಕೇಳಿ ಬಂದ ತಂಗಿ, ಮರಿಯತ್ತ ಚಾಚಿದ ಅವನ ಕೈ ಹಿಡಿದಳು. “ಮುಟ್ಟಬೇಡ. ಗುಂಡನ್ನ ಕಟ್ಟಿ ನಡಿ. ನಾವಿರೋತನಕ ತಾಯಿ ಬರಲ್ಲ.”

ಅವರು ದೂರ ಸರಿದು ಬಹಳ ಹೊತ್ತಾದ ಮೇಲೆ ತಾಯಿ ಬಂತು. ಆದರೆ ಕಾಡಿನ ದಾರಿಯಲ್ಲಿ ನಡೆಯಲು ಬಂದವರು ಇದನ್ನೆಲ್ಲ ಕಂಡಿದ್ದರು. ದೂರು ಹೋಯಿತು.

ಅಂಗಡಿಯವನು ಅರಣ್ಯ ಇಲಾಖೆಯ ಸಾಹೇಬರ ಮೇಜಿನ ಮುಂದೆ ನಿಂತ. “ಬಿಟ್ಟಿದ್ದು ನಾನು, ನನ್ನನ್ನ ಹೊರಗೆ ಹಾಕಿ. ಹಗ್ಗ ಹಿಡಿದು ಬರೋರ ದಾರಿ ಯಾಕೆ ಮುಚ್ತೀರಿ? ಮುಚ್ಚಿದ್ರೆ ಗೇಟಿಗೆ ಅಡ್ಡ ಮಲಗ್ತೀನಿ!”

ಮರಿಗಳ ಕಾಲ ಮುಗಿಯುವವರೆಗೆ ಅವನಿಗೂ ಗುಂಡನಿಗೂ ಕಾಡು ಬಂದ್. ಹಗ್ಗ ಹಿಡಿದು ಬರುವವರಿಗೆ ದಾರಿ ಮಾತ್ರ ಉಳಿಯಿತು.

ಈಗ ಅಂಗಡಿಯಲ್ಲಿ ಟವೆಲ್ ಜೊತೆ ಹಗ್ಗಗಳೂ ತೂಗುತ್ತವೆ. ಯಾರು ಬೇಕಾದರೂ ಒಯ್ಯಬಹುದು. ಮೊನ್ನೆ ಗಿರಾಕಿಯೊಬ್ಬ ಕೊಚ್ಚಿಕೊಂಡ: “ನಮ್ಮದು ಸಾಧು ಕಣ್ರೀ, ಕರೆದ್ರೆ ಬರುತ್ತೆ.”

ಅವನ ಗಂಟಲ ಮೇಲೆ ಕ್ಷೌರದ ಕತ್ತಿ ನಿಂತಿತು. “ನಂದೂ ಬರ್ತಿತ್ತು ಸ್ವಾಮಿ. ಹಗ್ಗ ಒಯ್ತೀರಾ?”

“ಒಯ್ತೀನಿ, ಒಯ್ತೀನಿ!”

ಓದುವವರೇ, ಕಾಡಿನ ದಾರಿ ನಮ್ಮದು ಎಂದು ಎದೆ ತಟ್ಟುತ್ತೀರಲ್ಲ, ತಟ್ಟಿ. ಆದರೆ ಇನ್ನೊಂದು ಕೈಯಲ್ಲಿ ಹಗ್ಗವಿರಲಿ. ಗಿಡ್ಡ ಹಗ್ಗ. ದಾರಿ ಬಿಟ್ಟು ಇಳಿಯಬೇಡಿ, ಎದುರು ಬಂದವರಿಗೆ ಜಾಗ ಕೊಡಿ, ನಿಮ್ಮ ನಾಯಿಯ ಹೊಲಸನ್ನು ನೀವೇ ಹೊತ್ತು ತನ್ನಿ. ಆಮೇಲೆ ಯಾರು ದಾರಿ ಮುಚ್ಚುತ್ತಾರೋ ನೋಡೇಬಿಡೋಣ!