ಡ್ರಿಲ್ ಅಲ್ಲ, ಟೀಚರಮ್ಮ

ಸೀತಾರಾಮಯ್ಯನವರ ಮಹಡಿಯಲ್ಲಿ ಕಲಿಸುತ್ತಿದ್ದ ಮೊದಲ ಪಾಠವೇ ಯಾರನ್ನೂ ನಂಬಬೇಡಿ ಎಂಬುದಾಗಿತ್ತು.

ತುಮಕೂರಿನ ಶಿರಾ ಗೇಟ್ ಹತ್ತಿರ ಕೆಳಗೆ ಸೈಕಲ್ ಶಾಪು, ಮೇಲೆ ಅವರ ಮನೆ. ಹಡಗುಗಳಲ್ಲಿ ರೇಡಿಯೋ ಆಫೀಸರಾಗಿ ಅರ್ಧ ಪ್ರಪಂಚ ಸುತ್ತಿ, ತಲೆ ನರೆತ ಮೇಲೆ ಹುಟ್ಟಿದೂರಿಗೆ ಬಂದು ನೆಲೆಸಿದವರು ಅವರು. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು, ತಾವೇ ಜೋಡಿಸಿದ ಸೆಟ್ಟುಗಳಲ್ಲಿ ಹವ್ಯಾಸಕ್ಕಾಗಿ ಊರಿಂದೂರಿಗೆ ಮಾತಾಡುವವರನ್ನು ಹ್ಯಾಮ್‌ಗಳೆನ್ನುತ್ತಾರೆ. ಜಿಲ್ಲೆಯಲ್ಲಿದ್ದ ಬೆರಳೆಣಿಕೆಯ ಹ್ಯಾಮ್‌ಗಳಿಗೆಲ್ಲ ಸೀತಾರಾಮಯ್ಯನವರೇ ಗುರು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಅವರಿಗೊಂದು ದೊಡ್ಡ ಅವಕಾಶ ಬಂತು. ಮಳೆಗಾಲಕ್ಕೆ ಮುಂಚೆ ಒಂದು ಅಣಕು ಪ್ರವಾಹ, ಅಂದರೆ ಡ್ರಿಲ್ಲು, ನಡೆಸಲು ಅಧಿಕಾರಿಗಳು ಒಪ್ಪಿದ್ದರು. ಕುಣಿಗಲ್ ದೊಡ್ಡಕೆರೆಯ ಏರಿ ಒಡೆದಿದೆ, ಟೆಲಿಫೋನುಗಳೆಲ್ಲ ಸತ್ತಿವೆ ಎಂದು ಭಾವಿಸಿಕೊಳ್ಳುವುದು. ಸುದ್ದಿಯೆಲ್ಲ ರೇಡಿಯೋದಲ್ಲೇ ಹೋಗಿ ಬರಬೇಕು. ಕುಣಿಗಲ್ಲಿನಲ್ಲಿ ವಾಚ್ ರಿಪೇರಿಯ ಶಿವರಾಮಯ್ಯ, ಗುಬ್ಬಿಯಲ್ಲಿ ಕೊಬ್ಬರಿ ಮಂಡಿಯ ಗಂಗಣ್ಣ, ಎಲ್ಲ ಸಂದೇಶ ಬಂದು ಸೇರುವ ತುಮಕೂರಿನ ಕಂಟ್ರೋಲಿನಲ್ಲಿ ಮೈಕು ಹಿಡಿಯುವುದಕ್ಕೆ ಹೈಸ್ಕೂಲಿನ ಸೈನ್ಸ್ ಟೀಚರ್ ಕೌಸಲ್ಯ. ಆ ಬಳಗದಲ್ಲಿದ್ದ ಒಬ್ಬಳೇ ಹೆಂಗಸು ಅವಳು. ಅವಳ ಸ್ವರ ಎಂಥ ಗರಗರದಲ್ಲೂ ಸ್ಪಷ್ಟವಾಗಿ ಕೇಳುತ್ತದೆಂದು ಸೀತಾರಾಮಯ್ಯನವರೇ ಅವಳನ್ನು ಆರಿಸಿದ್ದರು.

ಪ್ರತಿ ಭಾನುವಾರ ತಾಲೀಮು. ಆದರೆ ಸೀತಾರಾಮಯ್ಯನವರ ತಾಲೀಮೆಂದರೆ ಬರೀ ಸಂದೇಶ ಓದಿ ಒಪ್ಪಿಸುವುದಲ್ಲ. ಒಂದು ವಾರ ಶಿವರಾಮಯ್ಯನಿಗೆ ಗುಟ್ಟಾಗಿ ಹೇಳಿ, ಎರಡು ದೋಣಿ ಬೇಕು ಎಂಬುದನ್ನು ಹನ್ನೆರಡು ದೋಣಿ ಎಂದು ಓದಿಸಿದರು. ಇನ್ನೊಂದು ವಾರ ಬೇರೆ ಯಾರಿಂದಲೋ ಊರಿನ ಹೆಸರನ್ನೇ ತಿರುಚಿಸಿದರು. ಯಾರು ಹಿಡಿಯುತ್ತಾರೆ, ಯಾರು ಕಣ್ಣುಮುಚ್ಚಿ ಬರೆದುಕೊಳ್ಳುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡುವರು.

"ಗಾಳೀಲಿ ಬರೋ ಮಾತಿಗೆ ಮುಖ ಇರಲ್ಲಮ್ಮ" ಎನ್ನುತ್ತಿದ್ದರು. "ಮುಖ ಇಲ್ಲದ್ದನ್ನ ನಂಬಿದೋರು ಹಡಗು ಮುಳುಗಿಸಿರೋದನ್ನ ನಾನು ನೋಡಿದೀನಿ."

ಪಾಠವೇನೋ ಚೆನ್ನಾಗಿಯೇ ಹತ್ತಿತು, ಸ್ವಲ್ಪ ಹೆಚ್ಚಾಗಿಯೇ. ಯಾರಾದರೂ ತೊದಲಿದರೆ ಬೇಕೆಂದೇ ತೊದಲಿದನೇನೋ ಎಂದು ಉಳಿದವರಿಗೆ ಅನುಮಾನ. ಮೊದಲೆಲ್ಲ ತಾಲೀಮು ಮುಗಿದ ಮೇಲೆ ಮನೆ ಮಕ್ಕಳು, ಹೊಲ ತೋಟ ಎಂದು ಹರಟುತ್ತಿದ್ದವರು ಈಗ ಕೆಲಸ ಮುಗಿಯುತ್ತಲೇ ಸೆಟ್ಟು ಆರಿಸಿಬಿಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಅನುಮಾನ ಇದ್ದದ್ದು ಗಂಗಣ್ಣನ ಮೇಲೆ. ದಪ್ಪ ಮೀಸೆಯ, ಹೆಚ್ಚು ಮಾತಿಲ್ಲದ ಆಸಾಮಿ. ಕೊಬ್ಬರಿ ವ್ಯಾಪಾರಿಗೆ ರೇಡಿಯೋದ ಹುಚ್ಚು ಯಾಕೆ? ತಿಪಟೂರಿನ ಹರಾಜಿನ ರೇಟು ಉಳಿದವರಿಗಿಂತ ಮೊದಲು ತಿಳಿದುಕೊಳ್ಳುವುದಕ್ಕೇ ಲೈಸೆನ್ಸ್ ಮಾಡಿಸಿದ್ದಾನೆಂದು ಶಿವರಾಮಯ್ಯ ಎಲ್ಲರ ಕಿವಿಗೂ ಹಾಕಿದ್ದ. ಹ್ಯಾಮ್ ಸೆಟ್ಟಿನಲ್ಲಿ ವ್ಯಾಪಾರದ ಮಾತಾಡುವುದು ಕಾನೂನಿಗೆ ವಿರುದ್ಧ.

"ಅವನು ಮಾತಾಡೋವಾಗ ಸ್ವಲ್ಪ ಕಿವಿ ಕೊಟ್ಟು ಕೇಳ್ತಿರಮ್ಮ. ಏನಾದ್ರೂ ಕಂಡ್ರೆ ನನಗೆ ಹೇಳು" ಎಂದರು ಸೀತಾರಾಮಯ್ಯ, ಒಂದು ದಿನ ಕೌಸಲ್ಯಳನ್ನು ಪಕ್ಕಕ್ಕೆ ಕರೆದು.

ಅವಳಿಗೆ ಅದು ಹಿಡಿಸಲಿಲ್ಲ. ಆದರೂ ಅಂದಿನಿಂದ ಗಂಗಣ್ಣನ ಸ್ವರ ಬಂದರೆ ಸಾಕು, ಅವಳ ಕಿವಿ ತಾನಾಗಿಯೇ ನಿಮಿರುತ್ತಿತ್ತು.

ನಿಜವಾದ ಡ್ರಿಲ್ಲಿಗೆ ಎರಡು ವಾರವಿದ್ದಾಗ ಸೀತಾರಾಮಯ್ಯನವರು ಇನ್ನೊಂದು ಪರೀಕ್ಷೆ ಒಡ್ಡಿದರು. ಆ ಬೆಳಿಗ್ಗೆ ಕೌಸಲ್ಯ ಮೈಕಿನ ಮುಂದೆ ಕೂತಿದ್ದಳು. ಅವರು ಕೋಣೆಯ ಮೂಲೆಯಲ್ಲಿದ್ದ ಎರಡನೇ ಸೆಟ್ಟನ್ನು ಹಚ್ಚಿ, ಮೈಕಿಗೆ ಕರವಸ್ತ್ರ ಸುತ್ತಿ, ಅವಳತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ದನಿ ಬದಲಿಸಿ ಹೇಳಿದರು: "ಗುಬ್ಬಿ, ಗುಬ್ಬಿ. ಇದು ಡ್ರಿಲ್ ಅಲ್ಲ. ಗುಬ್ಬಿ ಕೆರೆ ಏರಿ ಬಿರುಕು ಬಿಟ್ಟಿದೆ. ಕೆಳಗಿನ ಮನೆಯವರನ್ನ ಎಬ್ಬಿಸಿ."

ಗಂಗಣ್ಣ ಏನನ್ನೂ ಕೇಳಲಿಲ್ಲ. "ಹೊಂಟೆ" ಎಂದ. ಆಮೇಲೆ ಎಷ್ಟು ಕೂಗಿದರೂ ಗುಬ್ಬಿಯಿಂದ ಉತ್ತರವಿಲ್ಲ.

ಕೌಸಲ್ಯ ಹೆದರಿದಳು. "ಸಾರ್, ಅವರು ನಿಜವಾಗ್ಲೂ ಹೋಗ್ಬಿಟ್ರು."

"ಹೋಗ್ಲಿ. ಹೋದ್ಮೇಲೆ ಬುದ್ಧಿ ಬರುತ್ತೆ."

ಗಂಗಣ್ಣ ಮಂಡಿಯ ಹಮಾಲರನ್ನೆಲ್ಲ ಲಾರಿಗೆ ಹತ್ತಿಸಿಕೊಂಡು, ಖಾಲಿ ಚೀಲ, ಹಾರೆ, ಗುದ್ದಲಿ ತುಂಬಿಕೊಂಡು, ದಾರಿಯುದ್ದಕ್ಕೂ ಹಾರನ್ ಹೊಡೆಯುತ್ತ ಕೆರೆ ಏರಿಗೆ ಹೋಗಿದ್ದ. ಬೇಸಿಗೆಯ ಕೆರೆ. ಇಳಿದುಹೋದ ನೀರಿನಂಚಿನಲ್ಲಿ ನಾಲ್ಕೈದು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅಂದು ಸಂಜೆಯಿಂದಲೇ ಗುಬ್ಬಿ ಪೇಟೆಯಲ್ಲಿ ಗಂಗಣ್ಣ ಎದುರು ಬಂದರೆ "ಏನಣ್ಣ, ಕೆರೆ ಹೆಂಗೈತೆ?" ಎನ್ನುವುದು ರೂಢಿಯಾಯಿತು.

ಹ್ಯಾಮ್‌ಗಳೆಲ್ಲ ಸೇರುವ ಮುಂದಿನ ಸಭೆಗೆ ಅವನೇ ತುಮಕೂರಿಗೆ ಬಂದ. ಸೀತಾರಾಮಯ್ಯನವರು ಮುಚ್ಚಿಡಲಿಲ್ಲ.

"ನಾನೇ ಹೇಳಿದ್ದು ಗಂಗಣ್ಣ. ನೀವು ಫೇಲ್. ಯಾರು ಮಾತಾಡ್ತಿರೋದು ಅಂತ ಒಂದು ಮಾತು ಕೇಳ್ಲಿಲ್ಲ."

"ಕೆರೆ ಒಡೀತದೆ ಅಂದ್ರೆ ನೀನ್ಯಾರು ಅಂತ ಕೇಳ್ತಾ ಕೂರಕ್ಕಾಯ್ತದ ಸ್ವಾಮಿ?"

"ಕೇಳ್ಬೇಕು. ಇನ್ಮೇಲೆ ಡ್ರಿಲ್ ಅಲ್ಲ ಅಂತ ಯಾರು ಹೇಳಿದ್ರೂ, ಇನ್ನೊಂದು ಸ್ಟೇಷನ್ ಖಾತ್ರಿ ಮಾಡೋತನಕ ಯಾರೂ ಅಲ್ಲಾಡ್ಬಾರ್ದು."

ಶಿವರಾಮಯ್ಯ ಮೂಲೆಯಲ್ಲಿ ನಕ್ಕ. "ಕೊಬ್ಬರಿ ರೇಟ್ ಆಗಿದ್ರೆ ಖಾತ್ರಿ ಮಾಡ್ಕೊಂಡಿರೋರು."

ಗಂಗಣ್ಣ ಅವನತ್ತ ತಿರುಗಿದ. "ಕೇಳಿದೀನಿ ಕಣಪ್ಪ, ಎರಡು ಸಲ. ತಿಪಟೂರಿನ ಸ್ನೇಹಿತ್ರೊಬ್ರನ್ನ ರೇಟ್ ಏನು ಅಂತ ಕೇಳಿದೀನಿ. ತಪ್ಪು ಅಂತ ಗೊತ್ತಾದ್ಮೇಲೆ ಬುಟ್ಟೆ. ಸುಳ್ಳು ಯಾಕೆ ಹೇಳ್ಲಿ?"

ನಿಜ ಹೇಳಿದ್ದಕ್ಕೆ ಅವನ ಮೇಲಿನ ಅನುಮಾನ ಕಡಿಮೆಯಾಗಬೇಕಿತ್ತು. ಅದರ ಬದಲು ಗಟ್ಟಿಯಾಯಿತು. ನೋಡಿದಿರಾ ಎನ್ನುವಂತೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಹೊರಡುವಾಗ ಗಂಗಣ್ಣ ಮೆಟ್ಟಿಲ ಬಳಿ ನಿಂತು ಕೌಸಲ್ಯಳನ್ನು ಕೇಳಿದ, "ಅವತ್ತು ನೀವೂ ಇಲ್ಲೇ ಇದ್ರಾ ಟೀಚರಮ್ಮ?"

"ಇದ್ದೆ."

"ಹ್ಞೂಂ" ಎಂದು ಇಳಿದು ಹೋದ. ಆ ಹ್ಞೂಂಕಾರದಲ್ಲಿ ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ. ಬೇಸರವೋ, ಮುಂದೆ ನೋಡಿಕೊಳ್ಳುತ್ತೇನೆ ಎಂಬ ಹಟವೋ.

ಡ್ರಿಲ್ಲಿನ ದಿನ ಕಂಟ್ರೋಲನ್ನು ಒಂದು ಛತ್ರದ ಹಾಲಿಗೆ ಸಾಗಿಸಿದ್ದರು. ಎರಡು ತೆಂಗಿನ ಮರಗಳ ನಡುವೆ ತಂತಿ, ಮೇಜಿನ ಕೆಳಗೆ ಕಾರಿನ ಬ್ಯಾಟರಿ, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಅಂಗಳದಲ್ಲಿ ಡ್ರಿಲ್ಲಿಗೆಂದೇ ಒಂದು ಆಂಬುಲೆನ್ಸು, ಅದರೊಳಗೆ ಒಬ್ಬ ಎಳೆಯ ಡಾಕ್ಟರು. ರೇಡಿಯೋದಲ್ಲಿ ಬಂದ ಸಂದೇಶವನ್ನು ಕೌಸಲ್ಯ ಚೀಟಿಯಲ್ಲಿ ಬರೆದುಕೊಟ್ಟರೆ ಅಧಿಕಾರಿಗಳು ಸಹಿ ಹಾಕುವರು, ಗಾಡಿ ಹೊರಡುವುದು.

ಮೊದಮೊದಲು ಎಲ್ಲ ಸೊಗಸಾಗಿ ನಡೆಯಿತು. ಕುಣಿಗಲ್ಲಿನಲ್ಲಿ ಇಲ್ಲದ ನೀರು ಏರಿತು, ಇಲ್ಲದ ಜನ ಮಾಳಿಗೆ ಹತ್ತಿದರು. ಗಂಗಣ್ಣನೂ ತನ್ನ ಪಾಲಿನ ಸಂದೇಶಗಳನ್ನು ಪಾಠ ಒಪ್ಪಿಸುವಂತೆ ಓದಿದ. ಅಧಿಕಾರಿಯೊಬ್ಬರು ಸೀತಾರಾಮಯ್ಯನವರ ಬೆನ್ನು ತಟ್ಟಿದರು.

ಊಟದ ಹೊತ್ತು ಹತ್ತಿರವಾದಾಗ ಗುಬ್ಬಿ ಕರೆಯಿತು.

"ತುಮಕೂರು, ಗುಬ್ಬಿ. ಇದು ಡ್ರಿಲ್ ಅಲ್ಲ, ಟೀಚರಮ್ಮ. ಹಾಗಲವಾಡಿ ರೋಡಲ್ಲಿ ಬೀಗರೂಟಕ್ಕೆ ಬರ್ತಿದ್ದ ಟ್ರ್ಯಾಕ್ಟರ್ ಮೋರಿಯಿಂದ ಕೆಳಕ್ಕೆ ಬಿದ್ದದೆ. ಟ್ರೈಲರ್ ತುಂಬ ಹೆಂಗಸ್ರು ಮಕ್ಳು. ಇಲ್ಲಿರೋ ಡಾಕ್ಟರೊಬ್ರ ಕೈಲಿ ಆಗಲ್ಲ. ಗಾಡಿ ಬೇಕು, ಡಾಕ್ಟರ್ ಬೇಕು. ಓವರ್."

ಸೀತಾರಾಮಯ್ಯ ನಿಧಾನವಾಗಿ ತಲೆಯಾಡಿಸಿದರು.

"ಕಾಯ್ತಿದ್ದೆ ನಾನು. ಸೇಡು ತೀರಿಸ್ಕೊಳ್ತಿದಾನೆ. ಇಷ್ಟು ಜನದ ಮುಂದೆ ನಮ್ಮನ್ನ ಕೆರೆಗೆ ಓಡಿಸ್ಬೇಕು ಅಂತ."

"ನಿಜ ಆಗಿದ್ರೆ ಸಾರ್?"

"ಖಾತ್ರಿ ಮಾಡ್ಕೋ. ರೂಲ್ಸ್ ಇದೆಯಲ್ಲ."

ಅವಳು ಕುಣಿಗಲ್ ಕರೆದಳು. ಶಿವರಾಮಯ್ಯನ ಉತ್ತರ ಬಂತು: "ಕೇಳಿಸ್ತು ಮೇಡಂ. ಆದ್ರೆ ಇಲ್ಲಿ ಕೂತು ನಾನೆಂಗೆ ಹೇಳ್ಲಿ? ಅವಯ್ಯನ ಮಾತು ಅವಯ್ಯನಿಗೇ ಗೊತ್ತು." ಛತ್ರದ ಗುಮಾಸ್ತ ಫೋನಿನಿಂದ ಗುಬ್ಬಿಗೆ ಟ್ರಂಕ್ ಕಾಲ್ ಕೇಳಿದ, ಎಕ್ಸ್‌ಚೇಂಜಿನವರು ಲೈನು ಸಿಗುತ್ತಿಲ್ಲ, ಕಾಯಿರಿ ಎಂದರು.

"ಗುಬ್ಬಿ, ತುಮಕೂರು. ಗಂಗಣ್ಣನವರೇ, ಎಷ್ಟು ಜನಕ್ಕೆ ಏಟಾಗಿದೆ? ನೀವೇ ನೋಡಿದ್ರಾ? ಓವರ್."

"ನಾನೇ ಲಾರೀಲಿ ಹಾಕ್ಕೊಂಡು ಆಸ್ಪತ್ರೆಗೆ ಬುಟ್ಟು ಬಂದೆ. ಎಣಿಸಕ್ಕೆ ಹೋಗಿಲ್ಲ. ಒಬ್ಬ ಹೆಣ್ಮಗಳಿಗೆ ಹೊಟ್ಟೇಲಿ ಏಟು, ಮಾತಿಲ್ಲ. ನೀವು ನಂಬ್ದಿದ್ರೂ ಚಿಂತಿಲ್ಲ, ಗಾಡಿ ಕಳ್ಸಿ. ಓವರ್."

ಅವನ ದನಿಯಲ್ಲಿ ಗಾಬರಿಯಿರಲಿಲ್ಲ. ಅದೇ ಅವಳನ್ನು ಕಾಡಿತು. ಅಷ್ಟು ರಕ್ತ ನೋಡಿ ಬಂದವನು ಇಷ್ಟು ಸಮಾಧಾನವಾಗಿ ಮಾತಾಡುತ್ತಾನೆಯೇ? ಸುಳ್ಳು ಹೇಳುವವನಾಗಿದ್ದರೆ ಅಳುವಿನ ದನಿಯನ್ನಾದರೂ ಮಾಡುತ್ತಿದ್ದನಲ್ಲ? ಅಥವಾ ಹಾಗೆ ಯೋಚಿಸಲಿ ಎಂದೇ ಮಾಡುತ್ತಿಲ್ಲವೋ? ಹಿಂದೆ ಜನರ ಗದ್ದಲ ಕೇಳುತ್ತಿತ್ತು, ಆದರೆ ಮಂಡಿಯಲ್ಲಿ ಗದ್ದಲ ಯಾವಾಗ ಇರುವುದಿಲ್ಲ? ಹೋದ ತಿಂಗಳಾಗಿದ್ದರೆ ಅವಳು ಇದೊಂದನ್ನೂ ಯೋಚಿಸುತ್ತಿರಲಿಲ್ಲ. ಈಗ ಅವನ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡುವುದು ಅಭ್ಯಾಸವಾಗಿಹೋಗಿತ್ತು.

"ಬಿಡಮ್ಮ, ಮುಂದಿನ ಸಂದೇಶ ತಗೋ" ಎಂದರು ಸೀತಾರಾಮಯ್ಯ.

ಅವಳು ಚೀಟಿ ಎಳೆದುಕೊಂಡು ಬರೆದಳು: ಡ್ರಿಲ್ ಸಂದೇಶ. ಗುಬ್ಬಿಯಲ್ಲಿ ಗಾಯಾಳುಗಳು. ಆಂಬುಲೆನ್ಸು, ಡಾಕ್ಟರು ಕೂಡಲೇ ಹೊರಡುವುದು.

ಅವಳಿಗೆ ಅದು ಜಾಣತನವೆನಿಸಿತು. ಸುಳ್ಳಾದರೆ ಡ್ರಿಲ್ಲು, ನಿಜವಾದರೆ ಸಹಾಯ. ಯಾರೂ ನಂಬಬೇಕಾಗಿಲ್ಲ, ಯಾರ ಮುಂದೆಯೂ ನಗೆಪಾಟಲಾಗಬೇಕಾಗಿಲ್ಲ. ಅಧಿಕಾರಿ ಓದದೆಯೇ ಸಹಿ ಹಾಕಿದರು. ಸೀತಾರಾಮಯ್ಯ ಚೀಟಿ ನೋಡಿದರು, ಅವಳನ್ನು ನೋಡಿದರು, ಅಷ್ಟು ಜನರ ಮುಂದೆ ಬಾಯಿ ಬಿಡಲಾಗದೆ ಸುಮ್ಮನಾದರು. ಗಾಡಿ ಗುಬ್ಬಿ ರಸ್ತೆ ಹಿಡಿಯಿತು.

ಗುಬ್ಬಿಯೇನು ಬಹಳ ದೂರವಲ್ಲ. ತಲುಪುವ ಹೊತ್ತು ಕಳೆಯಿತು, ಸುದ್ದಿಯಿಲ್ಲ. ಗಂಗಣ್ಣ ಕರೆದ: "ಗಾಡಿ ಎಲ್ಲಿ ಟೀಚರಮ್ಮ?" ಅವಳು, "ಬರ್ತಿದೆ" ಎಂದಳು. ಮತ್ತೆ ಕರೆದ. ಮತ್ತೆ, "ಬರ್ತಿದೆ" ಎಂದಳು. ಮೂರನೇ ಸಲ ಅವನು ಕರೆಯಲಿಲ್ಲ. ಆ ಮೌನವೂ ಅನುಮಾನಕ್ಕೆ ಎಡೆಯಾಯಿತು. "ನಾಟಕ ಮುಗೀತು" ಎಂದರು ಸೀತಾರಾಮಯ್ಯ. ಕೌಸಲ್ಯಳಿಗೂ ಒಂದು ಗಳಿಗೆ, ನಾಟಕವೇ ಆಗಿರಲಿ ದೇವರೇ ಎನಿಸಿತು.

ಅಷ್ಟರಲ್ಲಿ ಟ್ರಂಕ್ ಕಾಲ್ ಸಿಕ್ಕಿತು. ಫೋನು ಹಿಡಿದಿದ್ದ ಗುಮಾಸ್ತ ಕೇಳುತ್ತ ಕೇಳುತ್ತ ಬಾಯಿಗೆ ಕೈಯಿಟ್ಟುಕೊಂಡ. ಎಲ್ಲ ನಿಜ. ಮುಂದಿನ ಸಾಲಿನವರೆಲ್ಲ ಒಟ್ಟಿಗೆ ಎದ್ದರು. ಇದ್ದಬದ್ದ ಜೀಪುಗಳೆಲ್ಲ ಗುಬ್ಬಿಯತ್ತ ಓಡಿದವು.

ಸಂಜೆಯ ಹೊತ್ತಿಗೆ ಲೆಕ್ಕ ಸ್ಪಷ್ಟವಾಯಿತು. ಟ್ರೈಲರಿನಲ್ಲಿದ್ದವರಲ್ಲಿ ಹೆಚ್ಚಿನವರು ಕೈಕಾಲು ಮುರಿದುಕೊಂಡು ಬದುಕಿದ್ದರು. ಮದುಮಗಳ ಚಿಕ್ಕಮ್ಮ, ಹಾಗಲವಾಡಿಯ ಚಿಕ್ಕಮಾರಮ್ಮ, ತುಮಕೂರಿಗೆ ತರುವ ದಾರಿಯಲ್ಲಿ ತೀರಿಕೊಂಡಿದ್ದಳು.

ಛತ್ರದಲ್ಲಿ ತಂತಿ ಬಿಚ್ಚುವ ಮುಂಚೆ ಗುಬ್ಬಿ ಇನ್ನೊಂದು ಸಲ ಕರೆಯಿತು. ಕುಣಿಗಲ್ಲಿನಲ್ಲಿ ಶಿವರಾಮಯ್ಯನೂ ಸೆಟ್ಟು ಆರಿಸಿರಲಿಲ್ಲ.

"ತುಮಕೂರು, ಗುಬ್ಬಿ. ಗಾಡಿ ದಾರೀಲಿ ಹೆಗ್ಗೆರೇಲಿ ನಿಂತಿತ್ತಂತೆ, ಟೀ ಕುಡಿಯಕ್ಕೆ. ಡ್ರೈವರಿಗೆ ಏನಂತ ಹೇಳಿದ್ರಿ? ಓವರ್."

ಕೌಸಲ್ಯ ಮೈಕು ಎತ್ತಿಕೊಂಡಳು. ಸೀತಾರಾಮಯ್ಯ ಬೇಡವೆಂದು ಕೈ ಮಾಡಿದರು.

"ಡ್ರಿಲ್ ಅಂತ ಬರೆದುಕೊಟ್ಟೆ, ಗಂಗಣ್ಣನವರೇ. ನಿಮ್ಮ ಮಾತು ನಂಬೋಕೆ ನನ್ನ ಕೈಲಿ ಆಗ್ಲಿಲ್ಲ. ಓವರ್."

ಗರಗರದ ನಡುವೆ "ರೋಜರ್" ಎಂಬ ಒಂದೇ ಮಾತು ಬಂತು, ಸಂದೇಶ ತಲುಪಿತು ಎನ್ನುವುದಕ್ಕೆ ರೇಡಿಯೋದವರು ಹೇಳುವ ಮಾತು.

ಮೊದಲೇ ಬಂದಿದ್ದರೂ ಆಕೆ ಉಳಿಯುತ್ತಿರಲಿಲ್ಲ ಎಂದು ಎಳೆಯ ಡಾಕ್ಟರು ಅವಳಿಗೆ ಹೇಳಿದ. ಹೇಳುವಾಗ ಕಣ್ಣು ತಪ್ಪಿಸಿದ. ಅದು ನಿಜವೋ, ಅವಳ ಸಮಾಧಾನಕ್ಕೆ ಹೇಳಿದ್ದೋ, ತಾನೂ ಗಾಡಿಯಿಂದಿಳಿದು ಟೀ ಕುಡಿದಿದ್ದನ್ನು ಮರೆಯುವುದಕ್ಕೆ ಹೇಳಿಕೊಂಡಿದ್ದೋ ಎಂದು ಅವಳು ಎಷ್ಟೋ ದಿನ ಅಳೆದು ಸುರಿದು ನೋಡಿದಳು. ಬಗೆಹರಿಯಲಿಲ್ಲ.

ಎರಡು ಭಾನುವಾರ ಯಾರೂ ಸೆಟ್ಟು ಹಚ್ಚಲಿಲ್ಲ. ಮೂರನೆಯ ವಾರ ಸೀತಾರಾಮಯ್ಯನವರೇ ಕೌಸಲ್ಯಳ ಮನೆಗೆ ಬಂದರು. ಕಾಫಿ ಕೊಟ್ಟರೂ ಕುಡಿಯಲಿಲ್ಲ. "ತಾಲೀಮು ಇನ್ಮೇಲೆ ನೀನೇ ನಡೆಸಮ್ಮ. ನಾನು ಬಂದು ಕೂತ್ಕೋತೀನಿ ಅಷ್ಟೆ" ಎಂದರು. ಅವಳು ಒಪ್ಪಿಕೊಂಡಳು, ಒಂದು ಷರತ್ತಿನ ಮೇಲೆ: ತಾಲೀಮಿನಲ್ಲಿ ಏನು ಬೇಕಾದರೂ ಕಲ್ಪಿಸಿಕೊಳ್ಳೋಣ, ಆದರೆ ಡ್ರಿಲ್ ಅಲ್ಲ ಎಂಬ ಮಾತನ್ನು ಮಾತ್ರ ಯಾರೂ ಸುಳ್ಳಿಗೆ ಬಳಸಕೂಡದು. ಅವರು ತಲೆ ತಗ್ಗಿಸಿಕೊಂಡೇ "ಆಗ್ಲಿ" ಎಂದರು.

ಗಂಗಣ್ಣ ಬರುತ್ತಾನೆಂದು ಯಾರೂ ಎಣಿಸಿರಲಿಲ್ಲ. ಆ ಭಾನುವಾರ ಅವಳು ಕರೆದಾಗ ಶಿವರಾಮಯ್ಯ ಮೊದಲು ಉತ್ತರಿಸಿದ. ಸ್ವಲ್ಪ ಹೊತ್ತಿನ ಮೇಲೆ ಆ ಇನ್ನೊಂದು ಸ್ವರವೂ ಬಂತು.

"ತುಮಕೂರು, ಗುಬ್ಬಿ. ನಿಮ್ಮ ಪಕ್ಕದಲ್ಲಿ ಯಾರಿದಾರೆ? ಓವರ್."

ಮೂಲೆಯಲ್ಲಿ ಕೈಕಟ್ಟಿ ಕೂತಿದ್ದವರನ್ನು ಕೌಸಲ್ಯ ಒಮ್ಮೆ ನೋಡಿದಳು. "ಸೀತಾರಾಮಯ್ಯನವರಿದಾರೆ. ಬೇರೆ ಯಾರೂ ಇಲ್ಲ. ಓವರ್."

"ಸರಿ. ಅವರಿಗೂ ಕೇಳಿಸ್ಲಿ" ಎಂದ ಗಂಗಣ್ಣ. "ಬರ್ಕೊಳ್ಳಿ, ಒಂದನೇ ಸಂದೇಶ."